ಬಿಳಿ ಡಬ್ಬಿಯ ಆಚಾರ್ಯರು

ಚಿತ್ತಾಪುರದ ಗುಡಿ ಓಣಿಯಲ್ಲಿ ಯಾರನ್ನಾದರೂ ನಿಲ್ಲಿಸಿ, ಪಾಂಡುರಂಗಾಚಾರ್ಯರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದ್ದರೆ, "ಲ್ಯಾಬಿನಾಗ ಇದ್ದಾರ್ರಿ" ಎಂಬ ಉತ್ತರ ಬರುತ್ತಿತ್ತು. ಹೇಳುವವರ ದನಿಯಲ್ಲಿ ಒಂದಿಷ್ಟು ಗೌರವವೂ ಇರುತ್ತಿತ್ತು. ಮಾತೇನೂ ಸುಳ್ಳಲ್ಲ. ಯಾವ ಲ್ಯಾಬು, ಅಲ್ಲಿ ಏನನ್ನು ನೋಡುತ್ತಾರೆ ಎಂಬ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ, ಕೇಳದಂತೆ ಆಚಾರ್ಯರೂ ನೋಡಿಕೊಂಡಿದ್ದರು.

ಮೊದಲು ಅವರು ಇದ್ದದ್ದು ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ. ಸಿಮೆಂಟು, ಮರಳು, ನೀರು ಕಲಸಿ ಅಂಗೈಯಗಲದ ಘನಗಳನ್ನು ಮಾಡುವುದು, ಅವನ್ನು ನೀರಿನಲ್ಲಿ ನೆನೆಹಾಕುವುದು, ಆಮೇಲೆ ಒತ್ತುವ ಮಷೀನಿನ ಕೆಳಗಿಟ್ಟು ಎಷ್ಟು ಭಾರಕ್ಕೆ ಬಿರುಕು ಬಿಡುತ್ತದೆ ಎಂದು ನೋಡುವುದು. ಆ ಕೆಲಸವೆಂದರೆ ಆಚಾರ್ಯರಿಗೆ ಪಂಚಪ್ರಾಣ. "ಗಟ್ಟಿ ಅದನೋ ಇಲ್ಲೋ ಅನ್ನೋದು ನೋಡಿದ್ರ ತಿಳಿಯೂದಿಲ್ರಿ, ಒತ್ತಿದ ಮ್ಯಾಲೇ ತಿಳಿಯೂದು" ಎಂದು ಊಟದ ಪಂಕ್ತಿಯಲ್ಲಿ ಕುಳಿತಾಗಲೂ ಹೇಳುತ್ತಿದ್ದರು. ತಂದೆ ಗುಡಿಯ ಪೂಜೆ ಮಾಡಿಕೊಂಡೇ ಕಾಲ ಕಳೆದವರು. ಮಗ ಮಷೀನು ತಿರುಗಿಸುವವನಾದ ಎಂದು ಓಣಿಗೆಲ್ಲ ಹೆಮ್ಮೆ. ತೊಂಬತ್ತಾರರ ಸುಮಾರಿಗೆ ಕಾರ್ಖಾನೆಗೆ ಹೊಸ ಮಷೀನುಗಳು ಬಂದವು, ಗುತ್ತಿಗೆಯವರು ಮನೆಗೆ ಹೋದರು. ಹೋದವರಲ್ಲಿ ಆಚಾರ್ಯರೂ ಒಬ್ಬರು.

ಕೆಲವು ತಿಂಗಳು ಮನೆಯಲ್ಲಿ ಕೂತ ಮೇಲೆ ಅವರಿಗೆ ಇನ್ನೊಂದು ನೌಕರಿ ಸಿಕ್ಕಿತು. ವಾಡಿ, ಶಹಾಬಾದಿನ ಕಲ್ಲಿನ ಖಣಿಗಳಲ್ಲಿ ದುಡಿಯುವವರ ಮಕ್ಕಳ ಹೊಟ್ಟೆಯಲ್ಲಿ ಕೊಕ್ಕೆಹುಳ ಎಷ್ಟಿದೆ, ಗುಳಿಗೆ ಕೊಟ್ಟರೆ ರಕ್ತ ಎಷ್ಟು ಏರುತ್ತದೆ, ಗುಳಿಗೆಯ ಜೊತೆ ಮೊಸರಿನಲ್ಲಿರುವ ಒಳ್ಳೆಯ ಕ್ರಿಮಿಗಳ ಪುಡಿಯನ್ನೂ ಕೊಟ್ಟರೆ ಇನ್ನಷ್ಟು ಅನುಕೂಲವಾದೀತೇ ಎಂದು ನೋಡುವ ಒಂದು ಸಂಶೋಧನೆ ಶುರುವಾಗಿತ್ತು. ಅದರ ಮೇಲ್ವಿಚಾರಣೆಗೆ ಡಾಕ್ಟರ್ ಕಮರುನ್ನೀಸಾ ಎಂಬವರು ಶಹಾಬಾದಿನಲ್ಲಿ ಬಾಡಿಗೆಯ ಎರಡು ಕೋಣೆ ಹಿಡಿದು ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದರು. ಅವರಿಗೆ ಮನೆಮನೆಗೆ ಹೋಗಿ ಸ್ಯಾಂಪಲ್ ತರುವ ಒಬ್ಬ ಮನುಷ್ಯ ಬೇಕಾಗಿತ್ತು. ಸ್ಯಾಂಪಲ್ ಎಂದರೆ ಏನು ಎಂದು ಬಿಡಿಸಿ ಹೇಳಬೇಕೇ? ಬೆಳಿಗ್ಗೆ ಎದ್ದು ಎಲ್ಲರೂ ಬಯಲಿಗೆ ಹೋಗಿ ಬಿಟ್ಟು ಬರುವಂಥದ್ದು. ಅದನ್ನು ಬಿಗಿ ಮುಚ್ಚಳದ ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಸಿಕೊಂಡು, ತಾಜಾ ಇರುವಾಗಲೇ ಶಹಾಬಾದಿಗೆ ಮುಟ್ಟಿಸಬೇಕು. ತಡವಾದರೆ ತತ್ತಿ ಒಡೆದು ಹುಳ ಹೊರಬರುತ್ತವೆ, ಲೆಕ್ಕ ತಪ್ಪುತ್ತದೆ.

ಮೂರು ಹೊತ್ತು ಸಂಧ್ಯಾವಂದನೆ ಮಾಡುವ ಮನುಷ್ಯ ಇದಕ್ಕೆ ಹೇಗೆ ಒಪ್ಪಿದ ಎಂದು ನೀವು ಕೇಳಬಹುದು. ಹೆಂಡತಿ ತೀರಿಕೊಂಡಿದ್ದಳು, ಮಗಳು ಶುಭಾ ಕಾಲೇಜಿಗೆ ಹೋಗುತ್ತಿದ್ದಳು, ವಯಸ್ಸಾದ ತಾಯಿ ಸರಸ್ವತಿಬಾಯಿ ಇದ್ದರು, ಮನೆ ನಡೆಯಬೇಕಿತ್ತು. ಒಪ್ಪಿದರು. ಆದರೆ ಮನೆಯಲ್ಲಿ ಹೇಳಲಿಲ್ಲ. ಹಳೆಯ ಚರ್ಮದ ಚೀಲ, ಹಳೆಯ ಊಟದ ಡಬ್ಬಿ, ವಾಡಿಗೆ ಹೋಗುವ ಹಳೆಯ ರೈಲುಗಾಡಿ, ಎಲ್ಲವೂ ಮೊದಲಿನಂತೆಯೇ. ಸಂಜೆ ಬಂದವರು ಹಿತ್ತಲಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಬರುತ್ತಿದ್ದರು. ಸಿಮೆಂಟಿನ ಧೂಳು ಎಂದು ತಾಯಿ ತಿಳಿದಿದ್ದರು.

ತಮಾಷೆಯೆಂದರೆ, ಆ ಕೆಲಸದಲ್ಲಿ ಅವರ ಸಮಾನ ಯಾರೂ ಇರಲಿಲ್ಲ. ಪುರಾಣ ಹೇಳಿ ಪಳಗಿದ ಮನೆತನದ ಗಂಟಲು. ವಾಡಿಯ ಹೊರಗೆ, ಖಣಿಯ ದಂಡೆಗೆ, ಒಡೆದ ಪರ್ಸಿಕಲ್ಲಿನ ಚಪ್ಪಡಿಗಳನ್ನೇ ಗೋಡೆಯಾಗಿ ನಿಲ್ಲಿಸಿ ಮೇಲೆ ತಗಡು ಹೊದಿಸಿದ ಮನೆಗಳ ಒಂದು ಓಣಿ. ಅಲ್ಲಿ ಬೇವಿನ ಗಿಡದ ಕೆಳಗೆ ನಿಂತು ಆಚಾರ್ಯರು ಹುಳದ ಪುರಾಣ ಶುರುಮಾಡಿದರೆ, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದರು.

"ನೋಡ್ರವ್ವಾ, ಈ ಹುಳ ಬಾಯಿಲೆ ಬರೂದಿಲ್ಲ. ಹಸಿ ಮಣ್ಣಾಗ ಕುಂತಿರ್ತದ. ನೀವು ಬರಿಗಾಲಿಲೆ ನಡದ್ರ ಕಾಲ ಬೆರಳ ಸಂದಿಲೆ ಒಳಗ ಹೊಕ್ಕಂತದ. ಒಳಗ ಹೋಗಿ ಕರಳಿಗೆ ಕಚಗೊಂಡು ಕುಂತು ರಕ್ತ ಕುಡೀತದ, ಬಾಡಿಗಿ ಸುದ್ದಾ ಕೊಡೂದಿಲ್ಲ. ಚಪ್ಪಲಿ ಹಾಕ್ಕೋರಿ, ಗುಳಗಿ ತಗೋರಿ, ಡಬ್ಬಿ ತುಂಬಿ ಕೊಡ್ರಿ."

"ಆಚಾರ್ರೆ, ನಿಮಗ ನಾಚಿಕಿ ಬರೂದಿಲ್ಲೇನ್ರಿ?" ಎಂದು ಬಾಯಿಬಡಕಿ ಸಾಬಮ್ಮ ಕೇಳುತ್ತಿದ್ದಳು.

"ನಾಚಿದ್ರ ಹುಳ ಸಾಯ್ತದೇನವ್ವಾ?" ಎನ್ನುವುದು ಆಚಾರ್ಯರ ಪಾಠವಾದ ಉತ್ತರ. "ನಾ ಮಡಿ ಮನ್ಯಾಂವ. ನನಗಿಲ್ಲದ ನಾಚಿಕಿ ನಿಮಗ್ಯಾಕ?"

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಅದೇ ಮನುಷ್ಯ ಗಾಡಿ ಚಿತ್ತಾಪುರಕ್ಕೆ ಬಂತೆಂದರೆ ಚೀಲದ ಬಾಯಿ ಬಿಗಿದು ಕಟ್ಟಿ, ಸುತ್ತ ಪರಿಚಯದವರು ಇದ್ದಾರೇನೋ ಎಂದು ನೋಡಿಕೊಂಡು ಇಳಿಯುತ್ತಿದ್ದರು.

ಆ ಬಿಳಿ ಡಬ್ಬಿಗಳದ್ದೇ ಒಂದು ಕಥೆ. ಓಣಿಯ ಹೆಂಗಸರಿಗೆ ಅವು ಎಷ್ಟು ಹಿಡಿಸಿದವೆಂದರೆ, ಹತ್ತು ಕೊಟ್ಟರೆ ನಾಲ್ಕೇ ತಿರುಗಿ ಬರುತ್ತಿದ್ದವು. ಉಳಿದವುಗಳಲ್ಲಿ ಸುಣ್ಣ, ತಂಬಾಕು, ಅಜವಾನ ಸೇರಿಕೊಳ್ಳುತ್ತಿದ್ದವು. ಅವರನ್ನು ನೋಡಿ ನಗುವ ಹಾಗೂ ಇರಲಿಲ್ಲ. ಒಂದು ದಿನ ಸರಸ್ವತಿಬಾಯಿ ಮಗನ ಚೀಲ ಕೊಡವುವಾಗ ಹೊಸ ಡಬ್ಬಿಗಳು ಕೈಗೆ ಸಿಕ್ಕವು.

"ಏನು ಚಂದ ಅವ ಪಾಂಡು! ಮುಚ್ಚಳ ಭಾಳ ಬಿಗಿ ಅದ. ಏನು ಹಾಕ್ತಾರೋ ಇದರಾಗ?"

"ಸ್ಯಾಂಪಲ್ ಹಾಕೋವು, ಲ್ಯಾಬಿನವು" ಎಂದರು ಆಚಾರ್ಯರು. ಸುಳ್ಳಲ್ಲ, ನೋಡಿ.

"ದೇವರ ಮನಿಗೆ ನಾಕು ಇಟಗೋತೀನಿ. ಇರವಿ ಬರೂದಿಲ್ಲ."

ಬೇಡ ಎನ್ನಲು ಕಾರಣ ಹೇಳಬೇಕಿತ್ತು, ಕಾರಣ ಬಾಯಿಗೆ ಬರಲಿಲ್ಲ. ಡಬ್ಬಿಗಳೇನೋ ಹೊಸವೇ, ಚೊಕ್ಕವೇ. ಒಂದರಲ್ಲಿ ಕುಂಕುಮ, ಒಂದರಲ್ಲಿ ಅರಿಶಿನ, ಒಂದರಲ್ಲಿ ಅಕ್ಷತೆ, ಒಂದರಲ್ಲಿ ಗೋಪಿಚಂದನ. ಅಂದಿನಿಂದ ದಿನಾ ಬೆಳಿಗ್ಗೆ ಆಚಾರ್ಯರು ಕಣ್ಣು ಮುಚ್ಚಿಕೊಂಡು ಆ ಡಬ್ಬಿಯ ಮುಚ್ಚಳ ತಿರುವಿ ನಾಮ ಹಚ್ಚಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿದ್ದು ಭಕ್ತಿಗೆ ಎಂದು ತಾಯಿ ಸಂತೋಷಪಟ್ಟರು.

ಪರ್ಸಿ ಹೊರುವ ಭೀಮಮ್ಮ ಆ ಓಣಿಯಲ್ಲಿ ಡಬ್ಬಿ ಕೊಡದೆ ಉಳಿದ ಒಬ್ಬಳೇ ಹೆಂಗಸು. ಅವಳ ಮಗಳು ಸುಶ್ಮಿತಾ. ಹುಟ್ಟಿದ ವರ್ಷ ಭುವನಸುಂದರಿ ಪಟ್ಟ ಗೆದ್ದವಳ ಆ ಹೆಸರೇ ಪೇಪರಿನ ತುಂಬ ಇತ್ತೆಂದು ಖಣಿಯ ಮುಕಾದಮ ಇಟ್ಟ ಹೆಸರು. ಮಗು ಬಿಳಿಚಿಕೊಂಡಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಕೂರುತ್ತಿತ್ತು, ಕಲ್ಲುಗೋಡೆಯ ಸಂದಿಗೆ ಮೆತ್ತಿದ ಮಣ್ಣನ್ನು ಕೆದರಿ ತಿನ್ನುತ್ತಿತ್ತು. ಮಣ್ಣು ತಿನ್ನುವ ಮಕ್ಕಳ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ಅಷ್ಟು ದಿನಕ್ಕೆ ಆಚಾರ್ಯರಿಗೂ ಗೊತ್ತಾಗಿತ್ತು.

"ನಾ ಹಡಿಯುವಾಗ ಸೂಲಗಿತ್ತಿ ಮುಂದ ಸುದ್ದಾ ನಾಚಿದಾಕಿ ಅದೀನ್ರಿ" ಎಂದಳು ಭೀಮಮ್ಮ, ನೆಲ ನೋಡುತ್ತ. "ಗಂಡಮಗನ ಕೈಯಾಗ ಇದನ್ನ ಹೆಂಗ ಇಡ್ಲಿ? ಅದೂ ನಿಮ್ಮಂಥವರ ಕೈಯಾಗ?"

ಆಚಾರ್ಯರು ಬಿಡಲಿಲ್ಲ. ಹೋದಾಗಲೆಲ್ಲ ಅವಳ ಬಾಗಿಲಿಗೆ ನಿಂತರು. ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿ, "ನೋಡು, ಕೆಂಪ ಇರಬೇಕಾಗಿದ್ದದ್ದು ಬೆಳ್ಳಗ ಆಗೇದ" ಎಂದರು. ಕಡೆಗೆ ಒಂದು ದಿನ, ಪುರಾಣದ ಹುಮ್ಮಸ್ಸಿನಲ್ಲಿ, ಹೇಳಬಾರದ್ದನ್ನೂ ಹೇಳಿದರು: "ಇಲ್ಲಿ ಎಲ್ಲಾರ ಮುಂದ ಕೊಡಲಿಕ್ಕೆ ನಾಚಿಕಿ ಆದ್ರ, ಐತವಾರ ನಿನಗ ಸೂಟಿ ಇರ್ತದಲ್ಲ, ಚಿತ್ತಾಪುರ ಗಾಡಿ ಹತ್ತಿ ನಮ್ಮ ಮನಿಗೇ ತಗೊಂಡು ಬಾ. ಗುಡಿ ಓಣ್ಯಾಗ ಪಾಂಡುರಂಗಾಚಾರ್ರು ಅಂತ ಕೇಳು. ನಾ ಕೈಯಾರೆ ಇಸಗೋತೀನಿ."

ಭೀಮಮ್ಮ ಆಗ ಮೊದಲ ಸಲ ತಲೆಯೆತ್ತಿ ಅವರ ಮುಖ ನೋಡಿದಳು.

ಐತವಾರ ಬಂತು. ಅದೇ ಐತವಾರ ಶುಭಾಳನ್ನು ನೋಡಲು ಆದಿತ್ಯನಗರದಿಂದ ಶ್ರೀರಾಮರಾಯರು, ಅವರ ಹೆಂಡತಿ, ಮಗ ಕೌಸ್ತುಭ ಬಂದಿದ್ದರು. ಹುಡುಗ ಶಾಲಾ ಮಾಸ್ತರ, ತಿಳಿಗಣ್ಣಿನ ಸಾಧು ಮನುಷ್ಯ. ಶುಭಾ ಅವಲಕ್ಕಿ ತಂದಿಟ್ಟು ಅಜ್ಜಿಯ ಪಕ್ಕ ಕುಳಿತಳು. ಇಬ್ಬರೂ ಒಂದೆರಡು ಸಲ ಕದ್ದು ನೋಡಿಕೊಂಡದ್ದನ್ನು ಸರಸ್ವತಿಬಾಯಿ ಗಮನಿಸಿ ಸುಮ್ಮನಿದ್ದರು. ಶ್ರೀರಾಮರಾಯರೂ ಸಿಮೆಂಟ್ ಕಾರ್ಖಾನೆಯ ಕಡೆಯವರೇ.

"ನಿಮ್ಮ ಲ್ಯಾಬಿನಾಗ ಕ್ಯೂಬ್ ಒಡಿಯೂ ಮಷೀನ್ ಈಗೂ ಹಳೇದೇ ಅದೇನ್ರಿ?"

"ಈಗ ನಾನು ಬರೇ ಸ್ಯಾಂಪಲ್ ಜಮಾ ಮಾಡ್ತೀನ್ರಿ" ಎಂದರು ಆಚಾರ್ಯರು. "ಮನಿಮನಿ... ಅಂದ್ರ, ಜಾಗಾಜಾಗಾಕ್ಕ ಹೋಗಿ. ಟೆಸ್ಟ್ ಬ್ಯಾರೆಯವರು ಮಾಡ್ತಾರ." ಅವಲಕ್ಕಿಯ ತಟ್ಟೆಯನ್ನು ರಾಯರ ಕಡೆ ಸರಿಸಿದರು.

ಸರಸ್ವತಿಬಾಯಿ ಬೆಳ್ಳಿಯ ತಟ್ಟೆಯಲ್ಲಿ ಎರಡು ಬಿಳಿ ಡಬ್ಬಿ ಇಟ್ಟುಕೊಂಡು ಬಂದು, ಶುಭಾಳ ಕೈಯಿಂದ ರಾಯರ ಹೆಂಡತಿಗೆ ಅರಿಶಿನ ಕುಂಕುಮ ಕೊಡಿಸಿದರು. ಆಕೆ ಹಣೆಗೆ ಅಗಲವಾಗಿ ಕುಂಕುಮ ಹಚ್ಚಿಕೊಂಡು, "ಡಬ್ಬಿ ಭಾಳ ಛಲೋ ಅವಲ್ರೀ, ಎಲ್ಲಿ ಸಿಗ್ತಾವ?" ಎಂದು ಕೇಳಿದರು.

"ನಮ್ಮ ಪಾಂಡುನ ಲ್ಯಾಬಿನವು" ಎಂದರು ಸರಸ್ವತಿಬಾಯಿ, ಹೆಮ್ಮೆಯಿಂದ.

ಆಗಲೇ ಹೊರಗಿನಿಂದ, "ಆಚಾರ್ರೆ... ತಂದೀನ್ರಿ" ಎಂಬ ದನಿ ಕೇಳಿಸಿತು.

ಭೀಮಮ್ಮ ಕಟ್ಟೆಯ ಕೆಳಗೆ ನಿಂತಿದ್ದಳು. ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಸೊಂಟದ ಮೇಲೆ ಸುಶ್ಮಿತಾ. ಕೈಯಲ್ಲಿ ಹೊಸ ಕುಪ್ಪಸದ ಖಣದಲ್ಲಿ ಸುತ್ತಿದ ಏನೋ ಒಂದು. ದೊಡ್ಡ ನಾಚಿಕೆಯೊಂದನ್ನು ಗೆದ್ದು ಬಂದವಳ ನಗು ಮುಖದ ತುಂಬ ಇತ್ತು. ಅವಳು ಖಣವನ್ನು ಬಿಚ್ಚಿದಳು. ಬಿಳಿ ಡಬ್ಬಿ.

ಒಳಗಿದ್ದವರೆಲ್ಲ ಆ ಡಬ್ಬಿ ನೋಡಿದರು, ಆಮೇಲೆ ಬೆಳ್ಳಿ ತಟ್ಟೆಯ ಡಬ್ಬಿ ನೋಡಿದರು. ರಾಯರ ಹೆಂಡತಿ ಕೇಳಿದರು: "ಯಾರ್ರೀ ಇಕಿ?"

ಆಚಾರ್ಯರು ಎದ್ದು ನಿಂತಿದ್ದರು. ಮಗಳ ಮುಖ ಕಂಡಿತು, ತಾಯಿಯ ಮುಖ ಕಂಡಿತು.  ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

"ಇಕಿ ಯಾರೋ ನನಗ ಗೊತ್ತಿಲ್ರಿ. ಯಾರೋ ಹುಚ್ಚಿ ಇದ್ದಂಗ ಕಾಣ್ತಾಳ." ಆಮೇಲೆ ಅವಳ ಕಡೆ ತಿರುಗಿ, "ಏ, ಹೋಗು, ಮುಂದ ಹೋಗು."

ಭೀಮಮ್ಮ ಚೇಷ್ಟೆಯೆಂದು ತಿಳಿದು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಆಚಾರ್ಯರನ್ನು ನೋಡಿದಳು, ಒಳಗೆ ಹೊಸ ಸೀರೆಯುಟ್ಟು ತಲೆತಗ್ಗಿಸಿ ಕುಳಿತ ಹುಡುಗಿಯನ್ನು ನೋಡಿದಳು, ಜಮಖಾನೆಯ ಮೇಲಿನ ಪರಸ್ಥಳದವರನ್ನು ನೋಡಿದಳು. ಹೆಣ್ಣು ನೋಡುವ ಮನೆಯೆಂದರೆ ಯಾವ ಓಣಿಯಲ್ಲಾದರೂ ಒಂದೇ ತರಹ ಇರುತ್ತದೆ. ಅವಳಿಗೆ ಎಲ್ಲವೂ ತಿಳಿಯಿತು.

"ಏನದವ್ವಾ ಅದರಾಗ?" ಎಂದು ರಾಯರ ಹೆಂಡತಿ ಕೇಳಿದರು.

"ಏನಿಲ್ರಿ ಅವ್ವಾರೆ" ಎಂದಳು ಭೀಮಮ್ಮ, ಡಬ್ಬಿಯನ್ನು ಖಣದಲ್ಲಿ ಮುಚ್ಚುತ್ತ. "ಮನಿ ತಪ್ಪಿ ಬಂದೀನಿ."

ಇಷ್ಟಕ್ಕೇ ಮುಗಿದಿದ್ದರೆ ಆಚಾರ್ಯರ ಮಾನ ಉಳಿಯುತ್ತಿತ್ತು. ಆದರೆ ಸೊಂಟದ ಮೇಲಿನ ಮಗುವಿಗೆ ಈ ವ್ಯವಹಾರವೆಲ್ಲ ಏನು ಗೊತ್ತು? ಅದು ಬೆರಳು ಚಾಚಿ, ಇದ್ದಷ್ಟು ಶಕ್ತಿಯಿಂದ ಕೂಗಿತು:

"ಯವ್ವಾ, ಇಂವನೇ ಅಲ್ಲೇನ? ದಿನಾ ಬಂದು ಹೇಲು ಬೇಡಾಂವ!"

ರಾಯರ ಹೆಂಡತಿಯ ಕೈ ತಾನಾಗಿಯೇ ಹಣೆಯ ಕುಂಕುಮಕ್ಕೆ ಹೋಯಿತು. ಅಲ್ಲಿಯೇ ನಿಂತಿತು, ಕುಂಕುಮ ಅಳಿಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಡಬ್ಬಿಗೆ ಹೋದದ್ದಕ್ಕೆ ಏನು ಕೊಡಬೇಕೋ ಹಿರಿಯರು ಹೇಳಿಲ್ಲ.

ಬಂದವರು ಅವಲಕ್ಕಿ ಬಿಟ್ಟು ಎದ್ದರು. ಮುಂದೆ ಮಧ್ಯಸ್ಥರ ಮೂಲಕ, ಜಾತಕ ಕೂಡಿ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ಕೂಡಿಬಂದ ಮೇಲೆಯೇ ಅವರು ಬಂದಿದ್ದರು. ಇವರು ಹೇಳಿದ್ದೂ ಸುಳ್ಳು, ಅವರು ಹೇಳಿದ್ದೂ ಸುಳ್ಳು, ಲೆಕ್ಕ ಚುಕ್ತಾ.

 ಸರಸ್ವತಿಬಾಯಿ ಡಬ್ಬಿಗಳನ್ನೆಲ್ಲ ತಿಪ್ಪೆಗೆ ಎಸೆದು, ದೇವರ ಮನೆ ತೊಳೆದು, ಮತ್ತೊಮ್ಮೆ ಮಿಂದು ಜಪಕ್ಕೆ ಕುಳಿತರು. ಆಚಾರ್ಯರು ಹಿತ್ತಲ ಕಲ್ಲಿನ ಮೇಲೆ ಕುಳಿತಿದ್ದರು. ಶುಭಾ ಬಂದು ಪಕ್ಕದಲ್ಲಿ ನಿಂತಳು.

"ನಿನ್ನ ನೌಕರಿ ಅಂಥಾದ್ದು ಅಂತ ನನಗೇನು ನಾಚಿಕಿ ಇಲ್ಲಪ್ಪಾ" ಎಂದಳು. ಬಗ್ಗಿ ಪಕ್ಕದಲ್ಲೇ ಕುಳಿತು ಹೇಳಿದಳು: "ಆಕಿನ್ನ ಹುಚ್ಚಿ ಅಂದಿ. ಆಕಿ ನಿನ್ನ ಮಾನ ಉಳಸ್ಲಿಕ್ಕೆ ನೋಡಿದ್ಲು."

 ಆಚಾರ್ಯರಿಗೆ ಕಾರ್ಖಾನೆಯ ಮಷೀನಿನ ಕೆಳಗೆ ಮೊದಲ ಒತ್ತಿಗೇ ಪುಡಿಯಾಗಿ ಹೋಗುವ ಘನಗಳು ನೆನಪಾದವು. ಅಂಥವನ್ನು ನೋಡಿ ಅವರು ಎಷ್ಟು ಸಲ ನಕ್ಕಿದ್ದರು. ಕೆಲಸ ಬಯಲಾದದ್ದಕ್ಕೆ ಆದ ನಾಚಿಕೆ ಒಂದು ದಿನದ್ದು. ಆ ಹೆಂಗಸಿನ ನಗು ಅರ್ಧಕ್ಕೆ ನಿಂತದ್ದನ್ನು ಕಂಡ ನಾಚಿಕೆ ಬೇರೆ ಜಾತಿಯದು, ನೀರು ಸುರಿದುಕೊಂಡರೂ ಹೋಗಲಿಲ್ಲ.

ವಾಡಿಯ ಓಣಿಗೆ ಮತ್ತೆ ಹೋದಾಗ ಯಾರೂ ಬೇವಿನ ಗಿಡದ ಕೆಳಗೆ ಕೂಡಲಿಲ್ಲ. ಗಿಡದ ಬುಡಕ್ಕೆ ಬಿಳಿ ಡಬ್ಬಿಗಳ ಗುಡ್ಡೆ ಹಾಕಿದ್ದರು. ಸುಣ್ಣದ ಡಬ್ಬಿ, ತಂಬಾಕಿನ ಡಬ್ಬಿ, ಎಲ್ಲ ತಿಕ್ಕಿ ತೊಳೆದು ಇಟ್ಟಿದ್ದರು.

"ಒಯ್ರಿ ಆಚಾರ್ರೆ" ಎಂದಳು ಸಾಬಮ್ಮ. "ನಮಗೂ ನಾಚಿಕಿ ಅದರೀ."

ಭೀಮಮ್ಮ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸುಶ್ಮಿತಾ ಮಗ್ಗುಲಲ್ಲಿ ಮಲಗಿತ್ತು. ಮುಖ ಬಾತಿತ್ತು, ಮಲಗಿದಲ್ಲೇ ಏದುಸಿರು ಬಿಡುತ್ತಿತ್ತು. ಆಚಾರ್ಯರು "ತಂಗೀ" ಎಂದರು. ಅವಳು ಮೊರ ಬಿಟ್ಟು ತಲೆ ಎತ್ತಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನೀವು ಯಾರೋ ನಮಗ ಗೊತ್ತಿಲ್ರಿ."

ಆಚಾರ್ಯರು ಶಹಾಬಾದಿಗೆ ಹೋಗಿ ಡಾಕ್ಟರಮ್ಮನ ಮುಂದೆ ನಡೆದದ್ದನ್ನೆಲ್ಲ ಹೇಳಿ, "ಡಬ್ಬಿ ಇಲ್ಲದಿದ್ರೂ ಆ ಕೂಸಿಗೆ ಗುಳಗಿ ಕೊಡ್ರಿ" ಎಂದು ಕೈಮುಗಿದರು.

"ಡಬ್ಬಿ ಇಲ್ಲ ಅಂತ ಬ್ಯಾನಿಯಾದ ಕೂಸನ್ನ ಬಿಡ್ತೀನೇನ್ರಿ ನಾನು?" ಎಂದು ಕಮರುನ್ನೀಸಾ ಗದರಿದರು. "ಮೊನ್ನೆ ನಾನೇ ಹೋಗಿದ್ದೆ. ನಿಮ್ಮ ಕಡಿಯವರು ಅಂತ ನನ್ನ ಮುಂದೂ ಬಾಗಲಾ ಹಾಕ್ಕೊಂಡ್ಲು. ದೊಡ್ಡ ದವಾಖಾನಿಗೆ ಕರಕೊಂಡು ಹೋಗ್ತೀನಿ ಅಂದೆ, ಅದಕ್ಕೂ ಒಲ್ಲೆ ಅಂದ್ಲು. ಗುಳಗಿ ನನ್ನ ಹತ್ರ ಬೇಕಾದಷ್ಟವ ಆಚಾರ್ರೆ. ಆಕಿ ಭರವಸಾ ಇಟ್ಟಿದ್ದು ನಿಮ್ಮ ಮ್ಯಾಲ, ಅದನ್ನ ನೀವು ಕಳದ್ರಿ. ಮಳಿಗಾಲದ ತನಕ ಆ ಕೂಸು ಉಳೀತದೋ ಇಲ್ಲೋ, ನಾ ಹೇಳಲಾರೆ."

ಆಚಾರ್ಯರು ಮತ್ತೆ ಹೋದರು. ಭೀಮಮ್ಮನ ಬಾಗಿಲು ಹಾಕಿತ್ತು. ಬಾಗಿಲ ಮುಂದೆ ನಿಂತೇ ಇದ್ದರು. ಬಿಸಿಲಲ್ಲಿ ಅವರು ನಿಂತದ್ದು ನೋಡಲಾಗದೆ ಸಾಬಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದಳು.

"ನಮ್ಮದೆಲ್ಲಾ ನೀವು ನೋಡೀರಿ. ನಿಮ್ಮದೇನು ನಾವು ನೋಡೀವ್ರಿ? ಮೊದ್ಲ ನಿಮ್ಮ ಮನಿ ಡಬ್ಬಿ ತರ್ರಿ. ನಿಮ್ಮದು, ನಿಮ್ಮ ಅವ್ವಂದು, ನಿಮ್ಮ ಮಗಳದು. ಆಮ್ಯಾಲ ಭೀಮಿ ಸಂಗಾಟ ನಾ ಮಾತಾಡ್ತೀನಿ."

ಹೇಳಿದವಳು ಆಚಾರ್ಯರು ತರುತ್ತಾರೆಂದು ತಿಳಿದು ಹೇಳಿರಲಿಲ್ಲ. ಒಳಗೆ ಭೀಮಮ್ಮನ ಮೊರದ ಸಪ್ಪಳ ನಿಂತಿತು.

ಮನೆಗೆ ಬಂದ ಆಚಾರ್ಯರು ತಾಯಿಯ ಎದುರು ಕುಳಿತರು. ತಾಯಿ ಅವರೊಂದಿಗೆ ಮಾತು ಬಿಟ್ಟು ವಾರದ ಮೇಲಾಗಿತ್ತು. ಎಂಬತ್ತರ ಸಮೀಪದ ಹಿರಿಯರು, ಮಡಿ ಬಿಟ್ಟು ನೀರೂ ಮುಟ್ಟದವರು. ಅವರ ಮುಂದೆ ಬಿಳಿ ಡಬ್ಬಿ ಇಟ್ಟು, ಇದನ್ನು ತುಂಬಿ ಕೊಡು ಎಂದು ಯಾವ ಬಾಯಿಯಿಂದ ಕೇಳುವುದು? ಓಣಿಯ ಹೆಂಗಸರನ್ನು ತಾನು ಕೇಳಿದ್ದು ಎಂಥ ಮಾತನ್ನು ಎಂದು ಆ ಗಳಿಗೆಯಲ್ಲಿ ಅವರಿಗೆ ಮೊದಲ ಸಲ ಗೊತ್ತಾಯಿತು. ಹೇಗೋ ಕೇಳಿದರು. ಮಗುವಿನ ಬಾತ ಮುಖ, ಸಾಬಮ್ಮನ ಷರತ್ತು, ಎಲ್ಲ ಹೇಳಿ, "ಇದು ಪಾಪದ ಕೆಲಸ ಅನಸ್ತದೇನವ್ವಾ?" ಎಂದರು.

ಸರಸ್ವತಿಬಾಯಿ ಜಪಮಣಿ ಕೆಳಗಿಟ್ಟರು.

"ನಿನ್ನ ಹೇಲು ಉಚ್ಚಿ ಬಳದು ದೊಡ್ಡಾಂವನ್ನ ಮಾಡೀನಿ. ಆಗ ಯಾರ ಮುಂದ ನಾಚಿದ್ದೆನೋ ನಾನು? ಮಡಿ ಉಟ್ಟಾಗ ಉಚ್ಚಿ ಹೊಯ್ದಿ, ಮತ್ತೊಮ್ಮೆ ಮಿಂದೆ, ಅಷ್ಟೇ." ಸೆರಗು ಬಿಗಿದು ಸಿಕ್ಕಿಸಿಕೊಂಡರು. "ಕುಂಕುಮದ ಡಬ್ಬಿ ಹೋತು, ಹೋಗ್ಲಿ. ಕೂಸನ್ನ ಎತಗೊಂಡು ಬಾಗಲಿಗೆ ಬಂದಾಕಿನ್ನ ಯಾರೋ ಗೊತ್ತಿಲ್ಲ ಅಂದ್ಯಲ್ಲ, ಅದಕ್ಕ ಯಾವ ಬಾವಿ ನೀರು ತರ್ಲಿ ನಾನು? ಕೊಡಿಲ್ಲಿ."

ಮರುದಿನ ಬೆಳಿಗ್ಗೆ ಆಚಾರ್ಯರು ಮೂರು ಡಬ್ಬಿಗಳನ್ನು ಕೈಯಲ್ಲೇ ಹಿಡಿದು ಗುಡಿ ಓಣಿಯ ನಡುವೆ ನಡೆದರು. ಚೀಲಕ್ಕೆ ಹಾಕಿಕೊಳ್ಳಬಹುದಿತ್ತು, ಹಾಕಿಕೊಳ್ಳಲಿಲ್ಲ. "ಏನ್ರಿ ಆಚಾರ್ರೆ, ಪ್ರಸಾದೇನು?" ಎಂದು ಕಿರಾಣಿ ಅಂಗಡಿಯವನು ಕೇಳಿದ. "ಅಲ್ರಿ, ನಮ್ಮ ಮನಿಯವರ ಹೇಲು. ಹುಳ ಅವನೋ ನೋಡಸ್ಲಿಕ್ಕೆ ಒಯ್ಯಲಿಕತ್ತೀನಿ" ಎಂದರು.  ಅಂಗಡಿಯವನ ತಕ್ಕಡಿ ಕೈಯಲ್ಲೇ ಉಳಿಯಿತು. ಗಾಡಿಯಲ್ಲಿ ಅವರ ಬದಿಗೆ ಯಾರೂ ಕೂಡಲಿಲ್ಲ, ಆರಾಮಾಗಿ ಕುಳಿತು ಹೋದರು.

ಆಚಾರ್ಯರು ಹೇಳಿ ಕಳಿಸಿದ್ದರಿಂದ, ಬೇವಿನ ಗಿಡದ ಕೆಳಗೆ ಕಮರುನ್ನೀಸಾ ಮೇಜು ಹಾಕಿಸಿ ಸೂಕ್ಷ್ಮದರ್ಶಕ ಇಟ್ಟಿದ್ದರು. ಇಡೀ ಓಣಿ ನೆರೆದಿತ್ತು. ಮಡಿ ಮನೆಯ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವ ಭಾಗ್ಯ ದಿನಾ ಸಿಗುವುದಿಲ್ಲ. ಮೊದಲು ಶುಭಾಳದು ನೋಡಿದರು; ಏನೂ ಇರಲಿಲ್ಲ. ಆಮೇಲೆ ಸರಸ್ವತಿಬಾಯಿಯವರದು. ಆಮೇಲೆ ಆಚಾರ್ಯರದು. ಡಾಕ್ಟರಮ್ಮ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಬರ್ರಿ, ನೀವೇ ನೋಡ್ರಿ. ನೋಡಿದ್ದನ್ನ ನೀವೇ ಹೇಳ್ರಿ."

ಆಚಾರ್ಯರು ಬಗ್ಗಿ, ತಮ್ಮದನ್ನೂ ತಾಯಿಯದನ್ನೂ ನೋಡಿದರು. ತೆಳು ಚಿಪ್ಪಿನ ಉದ್ದುಂಡನೆಯ ತತ್ತಿಗಳು, ಒಂದರ ಪಕ್ಕ ಒಂದು. ಈ ಓಣಿಯ ಮಕ್ಕಳ ಡಬ್ಬಿಗಳಲ್ಲಿ ಡಾಕ್ಟರಮ್ಮ ಎಷ್ಟೋ ಸಲ ಅವರಿಗೆ ತೋರಿಸಿದ್ದ ತತ್ತಿಗಳೇ. ಪ್ರತಿದಿನ ನಸುಕಿನಲ್ಲಿ ಮಡಿಯುಟ್ಟು ಗುಡಿಯ ಹಿಂದಿನ ಬಾವಿಗೆ ನೀರಿಗೆ ಹೋಗುವುದು ನೆನಪಾಯಿತು. ಬಾವಿಯ ದಾರಿ ಊರವರು ಬಯಲಿಗೆ ಕೂರುವ ಹಸಿ ತಗ್ಗಿನ ಪಕ್ಕದಲ್ಲೇ ಇದೆ. ಮಡಿಯಲ್ಲಿ ಚಪ್ಪಲಿ ಮುಟ್ಟುವಂತಿಲ್ಲ. ತಾಯಿಯೂ ಬರಿಗಾಲು, ತಾನೂ ಬರಿಗಾಲು. ಚಪ್ಪಲಿ ಮೆಟ್ಟಿ ಕಾಲೇಜಿಗೆ ಹೋಗುವ ಶುಭಾ ಒಬ್ಬಳು ಪಾರು. ಬೆರಳ ಸಂದಿಯ ತುರಿಕೆಯನ್ನು ಹಳೆಯ ಸಿಮೆಂಟಿನ ಕಚ್ಚು ಎಂದು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಬರಿಗಾಲಲ್ಲಿ ನಡೆಯಬೇಡಿ ಎಂದು ವರ್ಷಗಟ್ಟಲೆ ಊರಿಗೆಲ್ಲ ಹೇಳಿದ ಬಾಯಿ ಇದೇ.

ಅವರು ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದರು: "ನನ್ನ ಹೊಟ್ಟ್ಯಾಗೂ ಅವ. ನಮ್ಮ ಅವ್ವನ ಹೊಟ್ಟ್ಯಾಗೂ ಅವ. ನಿಮ್ಮಲ್ಲಿದ್ದವೇ."

ಸಾಬಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಓಣಿಯೆಲ್ಲ ನಕ್ಕಿತು. ಆಚಾರ್ಯರು ತಲೆತಗ್ಗಿಸಿ ನಿಂತರು, ಓಡಿ ಹೋಗಲಿಲ್ಲ. ನಗು ಇಳಿಯುವಾಗ ಭೀಮಮ್ಮ ಮಗುವನ್ನು ಎತ್ತಿಕೊಂಡು ಗುಂಪನ್ನು ದಾಟಿ ಬಂದಳು.

"ಮೊದ್ಲ ನೀವು ತಗೋರಿ ಗುಳಗಿ" ಎಂದಳು.

ಅವರು ಗುಳಿಗೆ ಬಾಯಿಗೆ ಹಾಕಿ ಅಗಿದರು. ಅವಳು ಅವರ ಗಂಟಲಿನ ಗಂಟು ಏರಿ ಇಳಿಯುವುದನ್ನು ನೋಡಿದಳು. ಆಮೇಲೆ ಮಗುವಿನ ಬಾಯಿ ತೆರೆಸಿ ಡಾಕ್ಟರಮ್ಮನ ಕಡೆ ಹಿಡಿದಳು. ಆವತ್ತೇ ಡಾಕ್ಟರಮ್ಮನ ಜೊತೆ ಮಗುವನ್ನು ದೊಡ್ಡ ದವಾಖಾನೆಗೆ ಒಯ್ಯಲೂ ಒಪ್ಪಿದಳು. "ಅವತ್ತು ನಾ ಹುಚ್ಚಿ ಅಂತ..." ಎಂದು ಆಚಾರ್ಯರು ಶುರುಮಾಡಿದರು. ಭೀಮಮ್ಮ ಕೈಯೆತ್ತಿ ತಡೆದಳು.

"ಅದು ಅವತ್ತೇ ಹೊರಗ ಬಿದ್ದು ಹೋತ್ರಿ. ಮತ್ತ ಡಬ್ಬ್ಯಾಗ ತುಂಬಬ್ಯಾಡ್ರಿ."

ದವಾಖಾನೆಯಲ್ಲಿ ರಕ್ತ ಏರಿಸಿದರು. ಸುಶ್ಮಿತಾ ಉಳಿಯಿತು, ಉಳಿದು ಓಣಿಯ ಬಾಯಿಬಡಕಿಯರ ಸಾಲಿಗೆ ಸೇರಿತು. ಮೊಸರಿನ ಪುಡಿಯಿಂದ ಹೆಚ್ಚಿನ ಉಪಯೋಗ ಆಯಿತೋ ಇಲ್ಲವೋ ಸಂಶೋಧನೆಯವರಿಗೂ ಖಾತ್ರಿಯಾಗಲಿಲ್ಲ. ಸರಸ್ವತಿಬಾಯಿ ಮಡಿಗೆಂದು ಮರದ ಹಾವುಗೆ ಮಾಡಿಸಿಕೊಂಡು ಬಾವಿಗೆ ಟಕಟಕ ಹೋಗತೊಡಗಿದರು. ಹಾವುಗೆ ಋಷಿಗಳೇ ಮೆಟ್ಟಿದ್ದು, ಯಾರೂ ಎದುರಾಡುವಂತಿರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಸೇಡಂನ ಒಂದು ಮನೆತನಕ್ಕೆ ಶುಭಾಳ ಮದುವೆ ಆಯಿತು. ಹೆಣ್ಣು ನೋಡಲು ಬಂದ ದಿನವೇ ಆಚಾರ್ಯರು ತಮ್ಮ ನೌಕರಿ ಏನೆಂದು ಅವಲಕ್ಕಿಗಿಂತ ಮೊದಲು ಹೇಳಿದ್ದರು. ಮದುವೆಗೆ ವಾಡಿಯಿಂದ ಸಾಬಮ್ಮ, ಭೀಮಮ್ಮ, ಸುಶ್ಮಿತಾ ಬಂದರು. ಭೀಮಮ್ಮ ಹೊಸ ಖಣದಲ್ಲಿ ಸುತ್ತಿ ಒಂದು ಪುಟ್ಟ ಹಿತ್ತಾಳೆಯ ಕುಂಕುಮದ ಭರಣಿ ತಂದಿದ್ದಳು. ಅವಳು ಚಪ್ಪರದ ಕೆಳಗೆ ಬಂದು ನಿಂತಾಗ, ಬೀಗಿತ್ತಿ ಸಹಜವಾಗಿ ಕೇಳಿದರು: "ಇವರು ಯಾರ್ರಿ?"

ಆಚಾರ್ಯರು ಪಂಚೆ ಸರಿಮಾಡಿಕೊಂಡರು. ಈ ಪ್ರಶ್ನೆಗೆ ಅವರು ಎರಡು ವರ್ಷದಿಂದ ಮನಸ್ಸಿನಲ್ಲೇ ಉತ್ತರ ತಿದ್ದಿ ತಿದ್ದಿ ಇಟ್ಟುಕೊಂಡಿದ್ದರು. ದನಿ ಏರಿಸಿ ಹೇಳಿದರು: "ಇವರು ಭೀಮಮ್ಮ ಅಂತ್ರಿ. ವಾಡಿಯವರು. ನನಗ ಭಾಳ ಗುರ್ತಿನವರು, ನಮ್ಮ ಮನಿಯವರೇ ಅನ್ರಿ."

ಭೀಮಮ್ಮ ಭರಣಿಯನ್ನು ಶುಭಾಳ ಕೈಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಆಚಾರ್ಯರ ಕಡೆ ನೋಡದೆ ಬೀಗಿತ್ತಿಗೆ ಹೇಳಿದಳು:

"ಇಲ್ರಿ ಅವ್ವಾರೆ. ಮನಿ ತಪ್ಪಿ ಬಂದೀನಿ."

ಅವಳು ನಗುತ್ತಿದ್ದಳು, ಈ ಸಲ ನಗು ಪೂರ್ತಿಯಾಗಿತ್ತು. ಬೀಗಿತ್ತಿ ಏನೂ ತಿಳಿಯದೆ ತಾವೂ ನಕ್ಕರು. ಆಚಾರ್ಯರು ಮಾತ್ರ ಹೊಗೆಯ ನೆಪ ಹೇಳಿ ಹೋಮಕುಂಡದ ಕಡೆ ತಿರುಗಿ, ಉತ್ತರೀಯದಿಂದ ಮುಖ ಒರೆಸಿಕೊಂಡರು. ಹೋಮಕ್ಕೆ ಇನ್ನೂ ಬೆಂಕಿ ಹಚ್ಚಿರಲಿಲ್ಲ.